ಒಂಟಿ ಎಲೆಕ್ಟ್ರಾನಿನ ಕಣಿವೆ

ತಣ್ಣಗೆ ಮಾಡುವ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಈ ಭೂಮಿಯ ಮೇಲೆ ಇಲ್ಲ. ಭೂಮಿಯಾಚೆಗೂ ಇಲ್ಲ ಎಂದರೆ ಜನ ನಗುತ್ತಾರೆ. ಆದರೆ ನಕ್ಷತ್ರಗಳ ನಡುವೆ ಕೋಟ್ಯಂತರ ವರ್ಷಗಳಿಂದ ಸುಮ್ಮನೆ ಬಿದ್ದಿರುವ ಕತ್ತಲಿದೆಯಲ್ಲ, ನನ್ನ ಯಂತ್ರದ ಹೊಟ್ಟೆಯೊಳಗಿನ ತಾಮ್ರದ ತಟ್ಟೆಯ ಮುಂದೆ ಅದು ಉರಿಯುವ ಒಲೆ. ಇದು ಬಡಾಯಿಯಲ್ಲ, ಲೆಕ್ಕ ಬಲ್ಲವರನ್ನು ಬೇಕಾದರೆ ಕೇಳಿ. ಬಡಾಯಿ ಆಮೇಲೆ ಬರುತ್ತದೆ.

ನಾನು ನೋಡಿಕೊಳ್ಳುವ ಈ ಶೀತಯಂತ್ರ ಇರುವುದು ಪ್ರಯೋಗಾಲಯದ ನೆಲಮಾಳಿಗೆಯಲ್ಲಿ. ಉಕ್ಕಿನ ಚೌಕಟ್ಟಿನಿಂದ ತೂಗುಬಿಟ್ಟ ಆಳೆತ್ತರದ ಬಿಳಿ ಡಬ್ಬಿ. ಅದರ ಪಂಪುಗಳು ಗೋಡೆಯಾಚೆಗಿನ ಕೋಣೆಯಲ್ಲಿ ಕೂತು ಹೀಲಿಯಂ ಅನಿಲವನ್ನು ಸುತ್ತಿಸುತ್ತ, ಊಟವಾದ ಮೇಲೆ ನಿದ್ದೆ ಹೋದ ಮಾವಂದಿರ ಹಾಗೆ ಒಂದೇ ಸಮ ಗೊರಕೆ ಹೊಡೆಯುತ್ತವೆ. ಡಬ್ಬಿಯ ಪಕ್ಕದಲ್ಲಿ ಒಂದು ಮೀಟರು, ಮೀಟರಿನ ಮುಖದ ಮೇಲೆ ಕೆಂಪು ಅಂಕಿಗಳು. ಇನ್ನು ಇದಕ್ಕಿಂತ ಕೆಳಗಿಳಿಯಲು ಮೆಟ್ಟಿಲೇ ಇಲ್ಲ ಎನ್ನುವ ಕಟ್ಟಕಡೆಯ ಸೊನ್ನೆ ಇದೆಯಲ್ಲ, ತಟ್ಟೆ ಅದಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಪಾಲಿನಷ್ಟೇ ಮೇಲಿದೆ ಎಂದು ಆ ಅಂಕಿಗಳು ಹಗಲಿರುಳು ಸಾರುತ್ತವೆ. ನೋಡಲು ಯಾರಾದರೂ ಬಂದರೆ ನಾನು ಮೊದಲು ಕೋಣೆಯ ದೀಪ ಆರಿಸುತ್ತೇನೆ. ಕತ್ತಲಲ್ಲಿ ಅಂಕಿಗಳು ಹೊಳೆದಾಗ ಒಬ್ಬ ಹಿರಿಯರು ಕೋಟಿನ ಗುಂಡಿ ಹಾಕಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನೊಬ್ಬರಿಗೆ ಅಲ್ಲೇ ನೆಗಡಿ ಹಿಡಿಯಿತು.

ಈ ಯಂತ್ರದಲ್ಲಿ ಅಳತೆ ಮಾಡುವವಳು ನನ್ನ ನಾದಿನಿ, ಹೆಂಡತಿಯ ತಂಗಿ. ಅವಳಿಗೆ ಇಲ್ಲಿ ಸಂಶೋಧನೆಗೆ ಜಾಗ ಸಿಕ್ಕಿದ್ದು ನನ್ನ ಶಿಫಾರಸಿನಿಂದಲ್ಲ. ನಾನು ಶಿಫಾರಸು ಮಾಡಿದ್ದು ನಿಜ, ಅದನ್ನು ಕೇಳಿಸಿಕೊಂಡ ಮೇಲೂ ಅವಳನ್ನು ತೆಗೆದುಕೊಂಡರು ಎಂಬುದೇ ಅವಳ ಯೋಗ್ಯತೆಗೆ ಸಾಕ್ಷಿ. ನಮ್ಮ ಮನೆಯ ಮಹಡಿಯ ಕೋಣೆಯಲ್ಲೇ ಇರುತ್ತಾಳೆ. ಜಡೆಗೆ ರಿಬ್ಬನ್ ಸಿಗದ ದಿನ ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಬಿಗಿದುಕೊಂಡು ಹೊರಟುಬಿಡುವ ಜಾತಿ. ಮನೆಯಲ್ಲಿ ನಾನು ಹೇಳುವುದು, ಅವಳು ಕತ್ತರಿ ಹಾಕುವುದು, ನನ್ನ ಹೆಂಡತಿ ತೀರ್ಪು ಕೊಡುವುದು, ಹೀಗೆ ಸಂಸಾರ ನಡೆಯುತ್ತಿದೆ. ತೀರ್ಪು ಇದುವರೆಗೆ ಒಮ್ಮೆಯೂ ನನ್ನ ಕಡೆ ಬಂದದ್ದಿಲ್ಲ.

ಅವಳ ಕೆಲಸ ಒಂದು ಚುಕ್ಕಿಯ ಮೇಲೆ. ಕ್ವಾಂಟಮ್ ಡಾಟ್ ಎನ್ನುತ್ತಾರೆ. ತಾಮ್ರದ ತಟ್ಟೆಗೆ ಅಂಟಿಸಿದ, ಉಗುರಿನಷ್ಟು ಅಗಲದ ಎಲೆಕ್ಟ್ರಾನಿಕ್ ಚಿಪ್ಪು, ಅದರ ಮೇಲೆ ಕೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು ಸಣ್ಣದಾದ ಲೋಹದ ಬೆರಳುಗಳು, ಆ ಬೆರಳುಗಳ ನಡುವೆ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಪುಟ್ಟ ಕೋಣೆ. ಕೋಣೆಗೆ ಆಚೆಗೊಂದು ಈಚೆಗೊಂದು ಕಿರುಬಾಗಿಲು, ಬಾಗಿಲುಗಳ ಹೊರಗೆ ಎರಡೂ ಬದಿಗೆ ಎಲೆಕ್ಟ್ರಾನುಗಳ ಸಂತೆ. ಕೋಣೆ ಎಷ್ಟು ಇಕ್ಕಟ್ಟೆಂದರೆ ಹೊರಗಿನದು ಒಂದು ಕಾಲಿಟ್ಟರೆ ಒಳಗಿನವು ಹೊರಗೆ ನೂಕುತ್ತವೆ. ಆದರೆ ಬೆರಳಿನ ಮೇಲಿನ ವೋಲ್ಟೇಜನ್ನು ಸರಿಯಾದ ಜಾಗಕ್ಕೆ ತಿರುಗಿಸಿದರೆ ಒಂದೇ ಒಂದು ಒಳಗೆ ಬರುತ್ತದೆ. ಆ ಗಳಿಗೆಯಲ್ಲಿ ಕರೆಂಟು ಹರಿದು ಕಂಪ್ಯೂಟರಿನ ಪರದೆಯ ಮೇಲೆ ಒಂದು ಶಿಖರ ಏಳುತ್ತದೆ. ಮತ್ತೆ ಬಾಗಿಲು ಬಂದ್, ಗೆರೆ ಕಣಿವೆಗೆ ಇಳಿಯುತ್ತದೆ. ಇನ್ನೊಂದು ಎಲೆಕ್ಟ್ರಾನು, ಇನ್ನೊಂದು ಶಿಖರ. ನಾನು ಸಮುದ್ರವನ್ನೇ ಬಕೆಟ್ಟಿನಲ್ಲಿ ಅಳೆದೆ ಎನ್ನುವವನು. ನಮ್ಮ ನಾದಿನಿ ಕರೆಂಟನ್ನು ಕಾಳು ಕಾಳಾಗಿ ಆರಿಸುತ್ತಾಳೆ.

ತಣ್ಣಗಾದಷ್ಟೂ ಕಣಿವೆ ಆಳವಾಗಬೇಕು, ಚಳಿ ಹೆಚ್ಚಿದಂತೆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುವ ಹಾಗೆ. ಅದು ವಾಡಿಕೆ. ಅವಳ ಚುಕ್ಕಿಯಲ್ಲಿ ಒಂದು ಕಣಿವೆ ವಾಡಿಕೆಯಂತೆ ಇಳಿಯಿತು. ಅದರ ಪಕ್ಕದ್ದು, ತಣ್ಣಗಾದಂತೆ ಮೇಲೇಳತೊಡಗಿತು.

ಇದೇಕೆ ಹೀಗೆ ಎಂದು ಅವಳು ಊಟದ ಮೇಜಿನ ಮುಂದೆ ನನಗೂ ಅಕ್ಕನಿಗೂ ಬಿಡಿಸಿ ಹೇಳಿದ್ದಳು. ಪ್ರತಿ ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತದ ಹಾಗೆ. ಕೋಣೆಯಲ್ಲಿ ಅವು ಜೋಡಿ ಜೋಡಿಯಾಗಿದ್ದರೆ ಒಂದರ ಮುಖ ಮೇಲೆ, ಇನ್ನೊಂದರದು ಕೆಳಗೆ, ಲೆಕ್ಕ ಚುಕ್ತಾ, ಹೊರಗಿನವರ ಗೊಡವೆಯಿಲ್ಲ. ಸಂಖ್ಯೆ ಬೆಸವಾದರೆ ಒಂದು ಒಂಟಿಯಾಗಿ ಉಳಿಯುತ್ತದೆ. ಬಹಳ ತಣ್ಣಗಾದಾಗ ಎರಡೂ ಬದಿಯ ಸಂತೆಯ ಎಲೆಕ್ಟ್ರಾನುಗಳು ಆ ಒಂಟಿಯ ಜೋಡಿಯಾಗಲು ಸುತ್ತ ನೆರೆಯುತ್ತವೆ. ನೆರೆದು ನೆರೆದು, ಈ ಬದಿಯವಕ್ಕೂ ಆ ಬದಿಯವಕ್ಕೂ ಅದರ ಮೂಲಕವೇ ನಂಟು ಬೆಳೆಯುತ್ತದೆ. ಮುಚ್ಚಿರಬೇಕಾದ ಕೋಣೆಯೇ ಹಾದಿಯಾಗುತ್ತದೆ.

ಇಂಥ ಸಂದರ್ಭ ಬಿಡುವವನಲ್ಲ ನಾನು. "ಇದು ನಿನ್ನ ಕಥೆನೇ ಕಣಮ್ಮ. ಮದುವೆಯಾಗ್ದೆ ಒಬ್ಬಳು ಮನೇಲಿದ್ರೆ ಬೀದಿ ಎರಡೂ ಕಡೆಯವ್ರು ಬಾಗಿಲಿಗೆ ಬಂದು ನಿಲ್ತಾರೆ" ಎಂದೆ.

"ಸರಿಯಾಗೇ ಹೇಳಿದ್ರಿ ಭಾವ. ಆದ್ರೆ ಅವು ತಣ್ಣಗಿದ್ರೆ ಮಾತ್ರ ಬರ್ತವೆ. ನೀವು ಬಾಯಿ ತೆಗೆದ್ರೆ ಬಿಸಿಯಾಗಿ ಓಡಿ ಹೋಗ್ತವೆ" ಎಂದಳು. ನನ್ನ ಹೆಂಡತಿ ಆ ರಾತ್ರಿಯ ತೀರ್ಪನ್ನು ನಗುವಿನಲ್ಲೇ ಕೊಟ್ಟು ಮುಗಿಸಿದಳು.

ಪ್ರಯೋಗಾಲಯದ ಮುಖ್ಯಸ್ಥರನ್ನು ನಾವು ಎದುರಿಗೆ ಮೇಷ್ಟ್ರು ಎಂದೂ ಹಿಂದಿನಿಂದ ಸಂಶಯ ಮೇಷ್ಟ್ರು ಎಂದೂ ಕರೆಯುತ್ತೇವೆ. ಸೂರ್ಯ ಹುಟ್ಟಿದ ಎಂದರೆ ಇನ್ನೊಂದು ಸಲ ಹುಟ್ಟಿಸಿ ತೋರಿಸು ಎನ್ನುವವರು. ಆದರೆ ಅವರು ಒಮ್ಮೆ ತಲೆಯಾಡಿಸಿದ ಫಲಿತಾಂಶವನ್ನು ಆಮೇಲೆ ಏಳು ಸಮುದ್ರದಾಚೆಯ ಪಂಡಿತರು ಬಂದು ಹಾರೆ ಹಾಕಿದರೂ ಅಲುಗಿಸಲಾಗಿಲ್ಲ. ಅದಕ್ಕೇ ಅವರ ತಲೆಯಾಡಿಸುವಿಕೆಗೆ ಅಷ್ಟು ಬೆಲೆ, ಮತ್ತು ಅಷ್ಟು ಬರ.

ಆ ಗುರುವಾರ ಮೇಷ್ಟ್ರು ನೆಲಮಾಳಿಗೆಗೆ ಬಂದು ನಾದಿನಿಯ ಗೆರೆಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ್ದರ ಸಾರ ಇಷ್ಟು: ಒಂಟಿ ಎಲೆಕ್ಟ್ರಾನಿನ ಆಟ ಇದೇ ಆಗಿದ್ದರೆ ಯಂತ್ರ ತಣ್ಣಗಾದಷ್ಟೂ ಕಣಿವೆ ಏರುತ್ತಲೇ ಹೋಗಬೇಕು. ಇದು ಅರ್ಧ ದಾರಿ ಏರಿ ನಿಂತುಬಿಟ್ಟಿದೆ. ಯಂತ್ರ ಮುಂದೆ ಇನ್ನೂ ತಣ್ಣಗಾಯಿತು, ಕಣಿವೆ ಕದಲಲಿಲ್ಲ. ತಣ್ಣಗಾದರೂ ಬಿಸಿಯಾದರೂ ಕದಲದೆ ಇರುವುದು ಒಂದೇ, ಸೋರಿಕೆ. ಲೋಹದ ಬೆರಳಿನ ಅಡಿಯಲ್ಲಿ ಎಲ್ಲೋ ಬಿರುಕು ಬಿಟ್ಟು ಕರೆಂಟು ಸೋರುತ್ತಿದೆ.

ಸೋರಿಕೆಯಾದರೆ ಒಂದು ಕಣಿವೆ ಬಿಟ್ಟು ಒಂದರಲ್ಲಿ ಹೇಗೆ ಆರಿಸಿಕೊಂಡು ಸೋರುತ್ತದೆ ಎಂದು ನಾದಿನಿ ಕೇಳಿದಳು. ಎರಡು ಕಣಿವೆ ನೋಡಿ ಹಾಗೆ ಹೇಳಲಾಗದು, ಕಾಕತಾಳೀಯವೂ ಇರಬಹುದು ಎಂದರು ಮೇಷ್ಟ್ರು. ಸೋಮವಾರ ಯಂತ್ರವನ್ನು ಬೆಚ್ಚಗೆ ಮಾಡಿ ಬಿಚ್ಚಬೇಕು, ಇನ್ನೊಂದು ಗುಂಪಿನವರು ತಮ್ಮ ಚಿಪ್ಪು ಹಿಡಿದು ಕಾಯುತ್ತಿದ್ದಾರೆ ಎಂದೂ ನೆನಪಿಸಿದರು.

ಬಿಚ್ಚುವುದೆಂದರೆ ಏನೆಂದು ಓದುಗರಿಗೆ ತಿಳಿದಿರಲಿ. ಒಂದು ಚುಕ್ಕಿ ಒಮ್ಮೆ ಬೆಚ್ಚಗಾಯಿತೆಂದರೆ ಅದರ ಕಥೆ ಮುಗಿಯಿತು. ಚಿಪ್ಪಿನೊಳಗೆ ಅಲ್ಲಿ ಇಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನುಗಳೆಲ್ಲ ಜಾಗ ಬದಲಿಸುತ್ತವೆ, ಮತ್ತೆ ತಣ್ಣಗೆ ಮಾಡಿದರೆ ಸಿಗುವುದು ಬೇರೊಂದು ಚುಕ್ಕಿ. ಇವಳು ಇಂಥದ್ದೊಂದಕ್ಕಾಗಿ ಒಂದು ರಾಶಿ ಚಿಪ್ಪುಗಳನ್ನು ಕೆಡಿಸಿದ್ದಳು. ಈ ಒಂದು ಮಾತ್ರ ಮಾತಾಡಿತ್ತು. ಸೋಮವಾರ ಅದೂ ಇರುವುದಿಲ್ಲ, ಉಳಿಯುವುದು ಸೋರಿಕೆ ಎಂಬ ಹೆಸರು.

ಹೊರಡುವ ಮುಂಚೆ ಮೇಷ್ಟ್ರು ನನ್ನ ಕಡೆ ತಿರುಗಿ, ಯಂತ್ರ ಹೇಳುವಷ್ಟು ತಣ್ಣಗೆ ನಿಜವಾಗಿಯೂ ಇದೆಯೇ ಎಂದು ಕೇಳಿದರು. ನನ್ನ ಯಂತ್ರದ ಮೇಲೆ ಸಂಶಯ. ನಾನು ಎದೆಯುಬ್ಬಿಸಿ ಶುರು ಮಾಡಿದೆ. ಥರ್ಮಾಮೀಟರನ್ನು ಯಾವ ಯಾವುದರ ಜೊತೆ ಹೋಲಿಸಿ ನೋಡಿದ್ದೇನೆ, ತಾಮ್ರವನ್ನು ಹೇಗೆ ಉಜ್ಜಿ ಬಿಗಿದಿದ್ದೇನೆ, ಹಿಮಕರಡಿಯೊಂದು ಈ ತಟ್ಟೆ ಮುಟ್ಟಿದರೆ ಏನಾಗುತ್ತದೆ, ಎಲ್ಲ ಹೇಳಿದೆ. ಮೇಷ್ಟ್ರು ಸಮಾಧಾನದಿಂದ ಕೇಳಿ, "ಹಾಗಾದ್ರೆ ಸೋರಿಕೆನೇ" ಎಂದು ಮೆಟ್ಟಿಲು ಹತ್ತಿದರು.

ತಿರುಗಿ ನಾದಿನಿಯ ಮುಖ ನೋಡಿದಾಗಲೇ ನನ್ನ ಸಾಕ್ಷಿ ಯಾರ ಕೊರಳಿಗೆ ಬಿತ್ತೆಂದು ತಿಳಿದದ್ದು. ನನ್ನ ಅಂಕಿ ನಿಜವಾದರೆ ಅವಳ ಕಣಿವೆ ಸುಳ್ಳು.

ಮನೆಯಲ್ಲಿ ನನ್ನ ಹೆಂಡತಿ ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕಥೆ ಕೇಳಿಸಿಕೊಂಡಳು. ತಂಗಿ ಊಟ ಬೇಡವೆಂದು ಮಹಡಿಗೆ ಹೋದ ಮೇಲೆ ನನ್ನ ತಟ್ಟೆಗೆ ಅನ್ನ ಬಡಿಸುತ್ತ ಹೇಳಿದಳು: "ನಿಮ್ಮ ಮಷಿನ್ನೂ ಗೆಲ್ಬೇಕು, ನನ್ನ ತಂಗಿನೂ ಗೆಲ್ಬೇಕು. ಹಾಗಾಗೋ ದಾರಿ ಹುಡುಕಿ. ಅಲ್ಲೀವರೆಗೂ ಈ ಮೇಜಿನ ಮೇಲೆ ಡಿಗ್ರಿ ಮಾತು ಬೇಡ." ಎಂಥ ಶಿಕ್ಷೆ ನೋಡಿ. ನಾನು ಮೂಕನಾಗಿ ಊಟ ಮಾಡಿದ್ದು ಆ ಬೀದಿಯ ಇತಿಹಾಸದಲ್ಲೇ ಮೊದಲು. ನೆರೆಮನೆಯವರು ಏನೋ ಆಗಬಾರದ್ದು ಆಯಿತೆಂದು ಕಿಟಕಿ ತೆಗೆದು ನೋಡಿದರಂತೆ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ನಾದಿನಿ ತನ್ನ ಹಳೆಯ ಗೆರೆಗಳನ್ನೆಲ್ಲ ಪರದೆಯ ಮೇಲೆ ಸಾಲಾಗಿ ಹರಡಿಕೊಂಡು ಕೂತಿದ್ದಳು. ಒಂದು ಗೆರೆಯ ಮೇಲೆ ಬೆರಳಿಟ್ಟು ಬುಧವಾರ ಮಧ್ಯಾಹ್ನ ಇಲ್ಲಿ ಏನಾಯಿತೆಂದು ಕೇಳಿದಳು. ನೋಡಿದೆ. ಅದೇ ಕಣಿವೆ, ಆದರೆ ಮಿಕ್ಕೆಲ್ಲ ದಿನಕ್ಕಿಂತ ಎತ್ತರಕ್ಕೆ ಎದ್ದಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಎಂದಿನ ಎತ್ತರಕ್ಕೆ ಕುಸಿದಿತ್ತು.

ಬುಧವಾರ ಮಧ್ಯಾಹ್ನವನ್ನು ನಾನು ಏಳು ಜನ್ಮಕ್ಕೂ ಮರೆಯುವವನಲ್ಲ. ಎಲ್ಲರೂ ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸಭೆ ನಡೆಸಿದ್ದರು. ಮೇಷ್ಟ್ರ ಲ್ಯಾಪ್‌ಟಾಪಿಗೆ ಚಾರ್ಜು ಮುಗಿದಿತ್ತು. ಅವರು ಮಾತಾಡುತ್ತಲೇ ಕೈಚಾಚಿ, ನನ್ನ ಮೀಟರಿನ ಪ್ಲಗ್ಗು ಕಿತ್ತು, ಅಲ್ಲಿ ತಮ್ಮ ಚಾರ್ಜರು ಸಿಕ್ಕಿಸಿದರು. ಕೆಂಪು ಅಂಕಿಗಳು ಆರಿಹೋದವು. ಸಭೆ ಮುಗಿದು ಅವರು ಎದ್ದ ಕೂಡಲೇ ನಾನು ಪ್ಲಗ್ಗನ್ನು ಮತ್ತೆ ಹಾಕಿದೆ. ಆ ಅವಮಾನವನ್ನು ಈಗ ನಾದಿನಿಯ ಮುಂದೆ ಸವಿಸ್ತಾರವಾಗಿ ತೋಡಿಕೊಂಡೆ. ಯಂತ್ರದ ನಾಡಿ ಹಿಡಿದಿರುವ ಮೀಟರಿಗಿಂತ ಅವರ ಲ್ಯಾಪ್‌ಟಾಪು ಹೆಚ್ಚೇ, ನೀನೇ ಹೇಳು ಎಂದೆ.

ಅವಳು ಎದ್ದು ಮೀಟರಿನ ಹತ್ತಿರ ಹೋದಳು. ಅದರ ಬೆನ್ನಿನಿಂದ ಹೊರಟ ಕೇಬಲ್ಲನ್ನು ಬೆರಳಿನಿಂದ ಸವರುತ್ತ, ಏಣಿಯ ಮೇಲೆ ಹತ್ತಿ, ಅದು ಡಬ್ಬಿಯ ತಲೆಯೊಳಗೆ ಹೊಗುವ ಜಾಗದವರೆಗೂ ಹೋದಳು. ಅಲ್ಲಿ ಅವಳ ಚುಕ್ಕಿಯ ತಂತಿಗಳೂ ಅದೇ ಕೊಳವೆಯಲ್ಲಿ ಒಟ್ಟಿಗೆ ಇಳಿಯುತ್ತವೆ. ಏಣಿಯ ಮೇಲೆ ನಿಂತುಕೊಂಡೇ ಹೇಳಿದಳು:

"ಭಾವ, ತಟ್ಟೆ ತಣ್ಣಗಿದೆ. ನೀವು ಹೇಳಿದ್ದು ಸುಳ್ಳಲ್ಲ. ಆದ್ರೆ ನನ್ನ ಎಲೆಕ್ಟ್ರಾನ್‌ಗಳು ತಣ್ಣಗಿಲ್ಲ."

ಮೊದಲಿಗೆ ನನಗೆ ಸಿಟ್ಟು ಬಂತು, ಆಮೇಲೆ ಅರ್ಥವಾಯಿತು, ಅರ್ಥವಾದ ಮೇಲೆ ಏಣಿಯ ಬುಡದಲ್ಲೇ ಕೂತೆ. ಮೀಟರು ಥರ್ಮಾಮೀಟರಿಗೆ ಕ್ಷಣಕ್ಷಣವೂ ಸಣ್ಣ ಕರೆಂಟು ಕಳಿಸಿ, ಎಷ್ಟು ತಣ್ಣಗಿದ್ದೀಯ, ಎಷ್ಟು ತಣ್ಣಗಿದ್ದೀಯ ಎಂದು ಕೇಳುತ್ತಿರುತ್ತದೆ. ಅದರ ಜೊತೆಗೆ ಆ ಉದ್ದನೆಯ ಕೇಬಲ್ಲು ಲಿಫ್ಟು, ಟ್ಯೂಬ್‌ಲೈಟು, ಮೊಬೈಲುಗಳ ಗದ್ದಲವನ್ನೆಲ್ಲ ಹೀರಿಕೊಂಡು ಒಳಗೆ ತುಂಬುತ್ತದೆ. ದಪ್ಪ ತಾಮ್ರದ ತಟ್ಟೆಗೆ ಅದು ಲೆಕ್ಕಕ್ಕೇ ಇಲ್ಲ. ಪಕ್ಕದ ತಂತಿಯಲ್ಲಿ ಬರುವ ಪುಟ್ಟ ಎಲೆಕ್ಟ್ರಾನುಗಳಿಗೆ ಮಾತ್ರ ಆ ಗದ್ದಲವೇ ಜ್ವರ. ಮನೆ ತಣ್ಣಗಿದೆ, ಮನೆಯವರ ತಲೆ ಬಿಸಿ. ತಟ್ಟೆ ಎಷ್ಟು ತಣ್ಣಗೋ ಅವುಗಳೂ ಅಷ್ಟೇ ಎಂದು ನಾವು ಮೂವರೂ ನಂಬಿ ಕೂತಿದ್ದೆವು. ಇಂಥ ತಪ್ಪು ಜಗತ್ತಿನಲ್ಲಿ ನಮ್ಮ ಕಸುಬಿನವರಿಗೆ ಮಾತ್ರ ಸಾಧ್ಯ: ಎಷ್ಟು ತಣ್ಣಗಿದೆ ಎಂದು ಬಿಡದೆ ಕೇಳಿ ಕೇಳಿಯೇ ಅದನ್ನು ಬೆಚ್ಚಗಿಟ್ಟಿದ್ದೆವು.

ಪ್ಲಗ್ಗು ಕಿತ್ತರೆ ಸಾಲದು, ಕೇಬಲ್ಲನ್ನೇ ಯಂತ್ರದಿಂದ ಬಿಡಿಸಬೇಕು ಎಂದಳು ನಾದಿನಿ. ನಾನು ಖಡಾಖಂಡಿತವಾಗಿ ಆಗದೆಂದೆ. ಅಂಕಿಯಿಲ್ಲದೆ ಯಂತ್ರ ನಡೆಸುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ವಿಮಾನ ಹಾರಿಸಿದ ಹಾಗೆ. ಒಳಗೆ ಏನಾದರೂ ಹೆಚ್ಚುಕಡಿಮೆಯಾದರೆ ಯಾರಿಗೆ ಗೊತ್ತಾಗಬೇಕು? ಅದಲ್ಲದೆ ಬಂದವರಿಗೆ ತೋರಿಸುವುದೇನನ್ನು, ಕಪ್ಪು ಫಲಕವನ್ನೇ?

ಅವಳು ಏಣಿಯಿಂದ ಇಳಿದಳು. "ಅಂಕಿ ಇಲ್ದಿದ್ರೆ ನಿಮ್ಮ ಮಷಿನ್ ನಿಮಗೆ ಗೊತ್ತಾಗಲ್ವಾ ಭಾವ? ಪಾಪ. ಗೊತ್ತಿತ್ತು ಅಂದ್ಕೊಂಡಿದ್ದೆ."

ನೋಡಿ, ಹೀಗೆ ಚುಚ್ಚುತ್ತಾಳೆ. ಆ ಪಂಪುಗಳ ಗೊರಕೆಯಲ್ಲಿ ಒಂದು ಎಳೆ ತಪ್ಪಿದರೂ ನಾನು ಮನೆಯಲ್ಲಿ ಮಗ್ಗುಲು ಬದಲಿಸುತ್ತೇನೆ. ಹೀಲಿಯಂ ಕೊಳವೆಯ ಮೇಲೆ ಅಂಗೈ ಇಟ್ಟರೆ ಅದು ಬೆಳಿಗ್ಗೆಯಿಂದ ಏನೇನು ಮಾಡಿತೆಂದು ವರದಿ ಒಪ್ಪಿಸುತ್ತದೆ. ನನಗೆ ಅಂಕಿ ಬೇಕೇ? ಏಣಿ ಹತ್ತಿ ನಾನೇ ಕೇಬಲ್ಲು ಕಿತ್ತೆ. ಆ ಕೇಬಲ್ಲು ಕೈಯಲ್ಲಿ ಎಷ್ಟು ಭಾರವಾಗಿತ್ತೆಂದರೆ ಆನೆಯ ಸೊಂಡಿಲಾದರೂ ಅದಕ್ಕಿಂತ ಹಗುರ.

ಎಲೆಕ್ಟ್ರಾನುಗಳ ಜ್ವರ ಪೂರ್ತಿ ಇಳಿಯಲು ಒಂದು ದಿನ ಬಿಡಬೇಕಿತ್ತು. ಅಷ್ಟರಲ್ಲಿ ನಾದಿನಿ ಮೆಟ್ಟಿಲು ಹತ್ತಿ ಮೇಷ್ಟ್ರ ಕೋಣೆಗೆ ಹೋಗಿ ಎಲ್ಲ ಹೇಳಿದಳು, ಚಾರ್ಜರಿನ ಸಂಗತಿಯನ್ನೂ ಬಿಡಲಿಲ್ಲ. ಅವರು ಅದಕ್ಕೆ ನಾಚಿಕೊಳ್ಳಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಥರ್ಮಾಮೀಟರು ತೆಗೆದ ಮೇಲೆ ಎಷ್ಟು ತಣ್ಣಗಿದೆ ಎಂದು ಹೇಗೆ ಹೇಳುತ್ತೀಯ ಎಂದಷ್ಟೇ ಕೇಳಿದರಂತೆ. ಚುಕ್ಕಿಯ ಶಿಖರಗಳೇ ಹೇಳುತ್ತವೆ ಎಂದಳಂತೆ ಇವಳು. ಎಲೆಕ್ಟ್ರಾನುಗಳು ತಣ್ಣಗಾದಷ್ಟೂ ಶಿಖರಗಳು ತೆಳ್ಳಗಾಗುತ್ತವೆ, ಆ ಅಗಲವನ್ನು ಅಳೆದರೆ ಅವುಗಳ ಬಿಸಿ ಅವುಗಳ ಬಾಯಿಂದಲೇ ಸಿಗುತ್ತದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ಇದು ಅವರಲ್ಲಿ ಸಂತೋಷದ ಲಕ್ಷಣ.

ಶನಿವಾರ ಬೆಳಿಗ್ಗೆ ಮೂವರೂ ಪರದೆಯ ಮುಂದೆ ಸೇರಿದೆವು. ನಾನು ಎಲ್ಲರ ಮೊಬೈಲು ಕಸಿದು ಹೊರಗಿನ ಮೇಜಿನ ಮೇಲಿಟ್ಟೆ. ಕೆಮ್ಮು ಬಂದರೆ ಈಗಲೇ ಕೆಮ್ಮಿ ಮುಗಿಸಿ ಎಂದು ಮೇಷ್ಟ್ರಿಗೂ ಹೇಳಿದೆ. ಅವರು ನಿಜಕ್ಕೂ ಆಚೆ ಹೋಗಿ ಕೆಮ್ಮಿ ಬಂದರು.

ನಾದಿನಿ ವೋಲ್ಟೇಜನ್ನು ಸರಿಸತೊಡಗಿದಳು. ಗೆರೆ ಎಡದಿಂದ ಮೆಲ್ಲಗೆ ಬೆಳೆಯಿತು. ಮೊದಲ ಶಿಖರ ಎದ್ದಿತು, ಎಷ್ಟು ತೆಳ್ಳಗೆಂದರೆ ಸೂಜಿಯನ್ನು ನಿಲ್ಲಿಸಿದ ಹಾಗೆ. ಅದನ್ನು ಕಂಡೇ ಅವಳ ಬೆನ್ನು ನೆಟ್ಟಗಾಯಿತು. ಆಮೇಲೆ ಜೋಡಿಗಳ ಕಣಿವೆ. ಗೆರೆ ಇಳಿದು ಇಳಿದು ನೆಲಕ್ಕೆ ಅಂಟಿಕೊಂಡಿತು, ಅಲ್ಲಿ ಕರೆಂಟು ಎಂಬುದಕ್ಕೆ ಹುಟ್ಟಿದ ಊರೇ ಇಲ್ಲ ಎಂಬಂತೆ. ಬಿರುಕಿದ್ದರೆ ಇಲ್ಲೂ ಸೋರಬೇಕಿತ್ತು. ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಮುಂದಿನ ಶಿಖರ ಬಂತು, ದಾಟಿತು. ಕೋಣೆಗೆ ಒಂದು ಹೆಚ್ಚಿನ ಎಲೆಕ್ಟ್ರಾನು ಬಂದಿತ್ತು. ಒಂಟಿ. ಗೆರೆ ಇಳಿಯಬೇಕಾದ ಜಾಗ ಇದು. ಸ್ವಲ್ಪ ಇಳಿಯಿತು ಕೂಡ. ಅಲ್ಲಿಂದ ಮುಂದಕ್ಕೆ ಇಳಿಯಲೊಲ್ಲದೆ, ಹಳೆಯ ಅರ್ಧ ದಾರಿಯ ಗುರುತನ್ನು ಎಷ್ಟೋ ಮೇಲಿನಿಂದಲೇ ದಾಟಿ, ಶಿಖರದ ಭುಜಕ್ಕೆ ಭುಜ ಕೊಟ್ಟು ನಡೆಯಿತು. ಎರಡು ಶಿಖರಗಳ ನಡುವೆ ಕಣಿವೆಯೇ ಇಲ್ಲ, ಒಂದು ಸೇತುವೆ. ನಾನು ಬದುಕಿನಲ್ಲಿ ಬಹಳ ಕಂಡಿದ್ದೇನೆ, ಕಾಣದ್ದನ್ನೂ ಕಂಡೆನೆಂದು ಹೇಳಿದ್ದೇನೆ. ಈ ಗೆರೆಗೆ ನನ್ನ ಕೈಯಿಂದ ಸೇರಿಸಬೇಕಾದದ್ದು ಏನೂ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು, ತನ್ನ ಜೋಡಿ ಸಿಗದೆ ಕೋಣೆಯಲ್ಲಿ ನಿಂತು, ಎರಡು ಸಂತೆಗಳನ್ನು ತನ್ನ ಮೂಲಕ ಒಂದು ಮಾಡಿತ್ತು. ಅದಕ್ಕೆ ಬೇಕಿದ್ದದ್ದು ಸ್ವಲ್ಪ ನೆಮ್ಮದಿ.

ಮೇಷ್ಟ್ರು ಮೊದಲು ಆಡಿದ ಮಾತು ಬಿಸಿ ಮಾಡಿ ಎಂಬುದು. ನಾದಿನಿಯ ಕೈ ನಿಂತುಹೋಯಿತು. ಅವರು ಹೇಳಿದ್ದು ತಟ್ಟೆಯ ಮೇಲಿನ ಚಿಕ್ಕ ಹೀಟರನ್ನು ಚೂರು ತಿರುಗಿಸಲು ಎಂದು ಬಿಡಿಸಿ ಹೇಳಿದ ಮೇಲೆ ಅವಳಿಗೆ ಉಸಿರು ಬಂತು. ನಾನು ತಿರುಗಿಸಿದೆ. ಸೇತುವೆ ನಡುವಿನಲ್ಲಿ ಕುಗ್ಗಿತು, ಪಕ್ಕದ ಜೋಡಿಗಳ ಕಣಿವೆ ನೆಲಬಿಟ್ಟು ಕೊಂಚ ಎದ್ದಿತು. ಆರಿಸಲು ಹೇಳಿದರು. ಕಾದೆವು. ಸೇತುವೆ ಮತ್ತೆ ಎದ್ದಿತು, ಕಣಿವೆ ಮತ್ತೆ ಮಲಗಿತು. ಇನ್ನೊಮ್ಮೆ ಎಂದರು. ಮತ್ತೂ ಒಮ್ಮೆ ಎಂದರು. ಕೊನೆಗೆ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಹೀಟರಿನ ಗುಂಡಿ ಹಿಡಿದು ಕೂತರು. ಮಧ್ಯಾಹ್ನ ಊಟದ ಹೊತ್ತು ದಾಟಿದರೂ ಏರಿಸುವುದು ಇಳಿಸುವುದು ನಡೆದೇ ಇತ್ತು. ಸಂಶಯಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನೋಡಿ ಮುಗಿಯುತ್ತಿರಲಿಲ್ಲ, ಅಷ್ಟೆ.

ಕೊನೆಗೆ ಎದ್ದು ಕನ್ನಡಕ ಒರೆಸಿಕೊಂಡರು. "ಸೋಮವಾರ ಇದನ್ನ ಬಿಚ್ಚೋದು ಬೇಡ" ಎಂದರು. "ಆ ಗುಂಪಿನವರಿಗೆ ನಾನು ಹೇಳ್ತೀನಿ. ಬೈಸ್ಕೊಳ್ಳೋದು ನನ್ನ ಕೆಲಸ, ಅಳೆಯೋದು ನಿನ್ನ ಕೆಲಸ." ಆಮೇಲೆ ತಲೆಯಾಡಿಸಿದರು. ನನ್ನ ನಾದಿನಿಯ ಕಡೆಗೂ ಅಲ್ಲ, ನನ್ನ ಕಡೆಗೂ ಅಲ್ಲ, ಪರದೆಯ ಮೇಲಿನ ಗೆರೆಯ ಕಡೆಗೆ.

ಅವರ ಹೆಜ್ಜೆ ಸಪ್ಪಳ ಮೆಟ್ಟಿಲ ಮೇಲೆ ಕರಗಿದ ಮೇಲೆ ನಾದಿನಿ ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಒಂದು ಗಳಿಗೆ ಕೂತಳು. ನಾನು ಮನೆಗೆ ಫೋನು ಮಾಡಿ ಅಕ್ಕನಿಗೆ ಹೇಳೋಣವೇ ಎಂದೆ. ಹೇಳೋಣ, ಆದರೆ ಎರಡು ಕಣಿವೆ ನೋಡಿ ಹೇಳಲಾಗದು ಎಂದು ಮೇಷ್ಟ್ರು ಅಂದಿದ್ದರಲ್ಲ, ಇನ್ನಷ್ಟು ನೋಡಿಬಿಡುತ್ತೇನೆ ಎಂದಳು. ಕೈ ಮತ್ತೆ ವೋಲ್ಟೇಜಿನ ಮೇಲೆ ಹೋಯಿತು. ಒಂದು ಶಿಖರ ದಾಟಿತು. ಒಂಟಿಗೆ ಜೋಡಿ ಸಿಕ್ಕಿತು, ಬಾಗಿಲು ಮುಚ್ಚಿತು, ಗೆರೆ ನೆಲ ಹಿಡಿಯಿತು.

"ಇನ್ನೊಂದು ಒಳಗೆ ಬಿಡ್ಲಾ ಭಾವ?"

"ಬಿಡಮ್ಮ" ಎಂದೆ.

ಅವಳು ಬಿಟ್ಟಳು. ಮತ್ತೆ ದಾರಿ ತೆರೆಯಿತು.